ಶ್ರೇಬರ್ ನೆನಪುಗಳು ತೆರೆಗೆ: ಅರ್ಧಕ್ಕೆ ನಿಂತ ವಾಕ್ಯ, ಮಾತಾಡುವ ರೈಲು, ಖಾಲಿ ಅಧ್ಯಾಯ

ಕತ್ತರಿಮೇಜು:
ಮನೋರೋಗಕ್ಕೆ ಆಸ್ಪತ್ರೆ ಸೇರಿದ್ದ ಜರ್ಮನ್ ನ್ಯಾಯಾಧೀಶ ಡೇನಿಯಲ್ ಪಾಲ್ ಶ್ರೇಬರ್ 1903ರಲ್ಲಿ ಲೈಪ್‌ಜಿಗ್‌ನಲ್ಲಿ ಅಚ್ಚು ಹಾಕಿಸಿದ ಆತ್ಮಕಥನ, ಕನ್ನಡದಲ್ಲಿ ‘ಒಬ್ಬ ನರರೋಗಿಯ ನೆನಪುಗಳು’ ಅನ್ನಬಹುದು, ಕನಿಷ್ಠ ಎರಡು ಸಲ ಪ್ರಯೋಗದ ಸಿನಿಮಾ ಆಗಿದೆ. 2006ರಲ್ಲಿ ಜೂಲಿಯನ್ ಹಾಬ್ಸ್ ಮಾಡಿದ್ದು, ಅದರಲ್ಲಿ ಶ್ರೇಬರ್ ಆಗಿ ಜೆಫರ್ಸನ್ ಮೇಸ್. ಆಮೇಲೆ ಸೈಮನ್ ಪಮ್ಮೆಲ್ ಮಾಡಿದ ‘ಶಾಕ್ ಹೆಡ್ ಸೋಲ್’, 2011ರ ವೆನಿಸ್ ಚಿತ್ರೋತ್ಸವಕ್ಕೆ ಬಂದದ್ದು. ಪಮ್ಮೆಲ್ ಚಿತ್ರದಲ್ಲಿ ಮೂರು ಪದರ ಇದೆ: ನಟರ ದೃಶ್ಯಗಳು, ಇಂದಿನ ತಜ್ಞರಿಗೆ ಹಳೇ ಕಾಲದ ಉಡುಪು ತೊಡಿಸಿ ಕೋರ್ಟಿನ ಸಾಕ್ಷಿಗಳ ಹಾಗೆ ಮಾತಾಡಿಸಿದ್ದು, ಮತ್ತೆ ಶ್ರೇಬರ್‌ನ ಯೋಚನೆಗಳನ್ನೆಲ್ಲ ದಾಖಲಿಸುವ, ಗಾಳೀಲಿ ತೇಲುವ ‘ಬರೆದಿಡುವ ಯಂತ್ರ’ದ ಅನಿಮೇಷನ್.

20 ನಿಮಿಷದ ಕಿರುಚಿತ್ರಕ್ಕೆ ಈ ಪುಸ್ತಕದಿಂದ ಏನು ತಗೋಬೇಕು, ಏನು ಬಿಡಬೇಕು? ಕೈಕಾಸು ಕಮ್ಮಿ, ಅನಿಮೇಷನ್ ಇಲ್ಲ. ಹುಚ್ಚು ಅಂದ ಕೂಡಲೇ ಓರೆ ಕ್ಯಾಮೆರಾ, ಹಸಿರು ಬಣ್ಣ, ಪಿಸುಮಾತಿನ ಗುಂಪು ಬರುತ್ತಲ್ಲ, ಅದು ಬೇಡ. ಪಠ್ಯ, ಸದ್ದು, ಕ್ಯಾಮೆರಾ ಮೂರರ ಬಗ್ಗೆಯೂ ಗೊತ್ತಿರೋರು ಹೇಳಿ.

ಹಳೇಪುಟ:
ಮೊದಲು ಇದು ಯಾವ ಜಾತಿಯ ಬರಹ ಎಂಬುದು ಗೊತ್ತಿರಲಿ. ಇದು ಅರ್ಜಿ. ತಪ್ಪೊಪ್ಪಿಗೆಯೂ ಅಲ್ಲ, ಗೋಳಿನ ಕಥೆಯೂ ಅಲ್ಲ. ಶ್ರೇಬರ್ 1893ರ ಅಕ್ಟೋಬರಿನಲ್ಲಿ ಡ್ರೆಸ್ಡೆನ್‌ನ ಮೇಲಿನ ನ್ಯಾಯಾಲಯದಲ್ಲಿ ಪೀಠದ ಅಧ್ಯಕ್ಷನಾದವನು. ಮರು ತಿಂಗಳೇ ಲೈಪ್‌ಜಿಗ್‌ನ ಪ್ರೊಫೆಸರ್ ಪಾಲ್ ಫ್ಲೆಖ್ಸಿಗ್ ಅವರ ಕ್ಲಿನಿಕ್ ಸೇರಿದ. 1884ರಲ್ಲೂ ಒಮ್ಮೆ, ಜರ್ಮನ್ ಸಂಸತ್ತಾದ ರೈಖ್‌ಸ್ಟಾಗ್‌ನ ಚುನಾವಣೆಯಲ್ಲಿ ಸೋತ ಮೇಲೆ, ಅದೇ ಕ್ಲಿನಿಕ್ಕಿನಲ್ಲಿ ಆರು ತಿಂಗಳಿದ್ದ. 1894ರ ಬೇಸಿಗೆಯಿಂದ 1902ರ ಡಿಸೆಂಬರ್ ತನಕ ಪಿರ್ನಾ ಊರಿನ ಝೊನ್ನನ್‌ಸ್ಟೈನ್ ಆಸ್ಪತ್ರೆ. 1900ರಲ್ಲಿ ಅವನ ಕಾನೂನು ಹಕ್ಕುಗಳನ್ನು ಪೂರ್ತಿ ಕಿತ್ತುಕೊಂಡು ಪೋಷಕರ ಕೈಗೆ ಕೊಟ್ಟರು. ಆತ ವಕೀಲರನ್ನು ನಂಬಿ ಕೂರದೆ ವಾದವನ್ನು ತಾನೇ ಬರೆದು ಮೇಲ್ಮನವಿ ಹಾಕಿ, 1902ರ ಜುಲೈ 14ರಂದು ಗೆದ್ದ.

ಪುಸ್ತಕದ ಕೊನೆಯ ಭಾಗದಲ್ಲಿ ಆಸ್ಪತ್ರೆಯ ಮುಖ್ಯ ವೈದ್ಯ ಡಾ. ವೇಬರ್ ಕೊಟ್ಟ ವರದಿಗಳು, ಶ್ರೇಬರ್‌ನ ಮೇಲ್ಮನವಿ, ನ್ಯಾಯಾಲಯದ ತೀರ್ಪು ಎಲ್ಲವೂ ಸೇರಿವೆ. ತೀರ್ಪಿನ ತಿರುಳು ಇಷ್ಟು: ಈತನಿಗೆ ಕಾಯಿಲೆ ಇದೆ, ಆದರೆ ಕಾಯಿಲೆ ಇದೆ ಎಂದಮಾತ್ರಕ್ಕೆ ತನ್ನ ವ್ಯವಹಾರ ನೋಡಿಕೊಳ್ಳಲಾರ ಎಂದಾಗುವುದಿಲ್ಲ. ದೇವರ ಕಿರಣಗಳು ತನ್ನ ನರಗಳಿಗೆ ಅಂಟಿಕೊಂಡಿವೆ ಎಂದು ಅದೇ ನ್ಯಾಯಾಲಯದಲ್ಲಿ ವಾದಿಸಿದವನು ಆತ. ಅದನ್ನು ಕೇಳಿಸಿಕೊಂಡೂ ನ್ಯಾಯಾಧೀಶರು ಬಿಟ್ಟರು. ಈ ಎರಡೂ ಒಂದೇ ಚೌಕಟ್ಟಿನಲ್ಲಿ ಬರದಿದ್ದರೆ ಉಳಿಯುವುದು ಬರೀ ವಿಚಿತ್ರ ಮನುಷ್ಯನ ಪ್ರದರ್ಶನ. ಪಮ್ಮೆಲ್ ಸಾಕ್ಷಿಕಟ್ಟೆಯ ರೂಪ ಹಿಡಿದದ್ದು ಅದಕ್ಕೇ ಸರಿಹೋಯಿತು.

ಹಾಗಾಗಿ ನನ್ನ ಸಲಹೆ: ವೇಬರ್ ವರದಿಯನ್ನು ಹಿನ್ನೆಲೆ ದನಿಯಾಗಿ ಬಳಸಿ, ಶ್ರೇಬರ್‌ನ ಮಾತನ್ನು ಕ್ಯಾಮೆರಾಕ್ಕೆ ನೇರವಾಗಿ ಹೇಳಿಸಿ. ಇದನ್ನು ತಿರುವುಮುರುವು ಮಾಡಿದರೆ ವೈದ್ಯ ಮನುಷ್ಯನಾಗುತ್ತಾನೆ, ರೋಗಿ ಬರೀ ಸದ್ದಾಗುತ್ತಾನೆ.

ಸದ್ದುಗಾರ:
ಪಿಸುಮಾತಿನ ಗುಂಪು ಬ್ಯಾಡ ಅಂದ್ರಲ್ಲ, ಭಾಳ ಛಲೋ. ಶ್ರೇಬರ್ ಬರೆದಿದ್ದು ನೋಡ್ರಿ: ಅವನ ತಲಿಯೊಳಗ ಕೇಳೋ ದನಿಗಳು ಹೇಳೋದು ಹೆದರಿಸೋ ಮಾತಲ್ಲ. ಅದೇ ಅದೇ ಸಪ್ಪೆ ಮಾತು, ಸಾವಿರ ಸಲ. ವರ್ಷ ಕಳದಂಗ ಅವು ನಿಧಾನ ಆಗ್ತಾವ, ಕಡೀಕ ಮರಳುಗಡಿಯಾರದಾಗಿಂದ ಮರಳು ಸೋರೋ ಸದ್ದಿನಂಗ ‘ಸ್‌ಸ್’ ಅಂತ ಉಳೀತಾವ. ಸದ್ದಿನ ಇಡೀ ನಕ್ಷೆ ಅವನೇ ಕೊಟ್ಟಾನ. ನಾವು ಮಾಡೋದು ಅದನ್ನ ಪಾಲಿಸೋದಷ್ಟ.

ಮಾಡೋ ರೀತಿ ಹಿಂಗ. ಒಬ್ಬನೇ ನಟ, ಮೈಕು ಬಾಯಿಂದ 15ರಿಂದ 20 ಸೆಂಟಿಮೀಟರ್, ಸುತ್ತ ಕಂಬಳಿ. ಪ್ರತಿಧ್ವನಿ ಒಂಚೂರೂ ಬರಬಾರದು, ಆಮ್ಯಾಲೂ ಹಾಕಬಾರದು. ಪ್ರತಿಧ್ವನಿ ಹಾಕಿದ್ರ ದನಿ ಒಂದು ಕೋಣ್ಯಾಗ ಐತಿ ಅನ್ನಿಸ್ತದ. ತಲಿಯೊಳಗಿನ ದನಿಗೆ ಕೋಣಿ ಇರಂಗಿಲ್ಲ. ಓದೋದು ಬಸ್‌ಸ್ಟ್ಯಾಂಡಿನ ಅನೌನ್ಸ್‌ಮೆಂಟ್‌ನಂಗ ಚಪ್ಪಟ್ಟಿ ಇರಲಿ.

ಆಮ್ಯಾಲ ವೋಕೋಡರ್. ಮಾತನ್ನ ತರಂಗಪಟ್ಟಿಗಳಾಗಿ ಒಡೆದು, ಒಂದೊಂದು ಪಟ್ಟಿಯ ಏರಿಳಿತ ಮಾತ್ರ ಇಟಗೊಂಡು, ಒಳಗ ಬರೀ ಗೊರಗೊರ ಸದ್ದು ತುಂಬೋದು. 16 ಪಟ್ಟಿಯಿಂದ ಸುರು ಮಾಡ್ರಿ. 8ಕ್ಕ ಇಳಿಸಿದ್ರ ಒರಟಾಗ್ತದ, ಆದ್ರ ಪೂರ್ತಿ ತಿಳೀತದ. 4ಕ್ಕ ಬಂದ್ರೂ ಕಿವಿಗೊಟ್ಟು ಕೇಳಿದ್ರ ವಾಕ್ಯ ಸಿಗ್ತದ. 2ಕ್ಕ ಬರೀ ಲಯ. 1ಕ್ಕ ಮರಳು. 20 ನಿಮಿಷದ ಉದ್ದಕ್ಕ ಇದನ್ನ ಹಂಚಿಬಿಡ್ರಿ. ಪ್ರೇಕ್ಷಕರು ಮೊದಲು ವಾಕ್ಯ ಕಲ್ತಿರ್ತಾರ, ಅದಕ್ಕ ಕಡೀಕ ಬರೀ ‘ಸ್‌ಸ್’ ಬಂದ್ರೂ ಅವರ ಕಿವ್ಯಾಗ ಆ ಮಾತು ತಾನಾಗೇ ಕೇಳ್ತದ.

ಎಡವಟ್ಟಾಗೋದು ಎಲ್ಲಿ? ನಿಧಾನ ಮಾಡೋದನ್ನ ವೋಕೋಡರ್ ಆದ ಮ್ಯಾಲೆ ಮಾಡಿದ್ರ. ಗೊರಗೊರ ಸದ್ದನ್ನ ಹಿಗ್ಗಿಸಿದ್ರ ಡಬ್ಬಿಯೊಳಗ ನೀರು ಅಲ್ಲಾಡಿದಂಗ ಲೊಳಲೊಳ ಅಂತದ. ಮೊದಲು ಹಿಗ್ಗಿಸ್ರಿ, ಆಮ್ಯಾಲ ಪಟ್ಟಿ ಒಡೀರಿ. ಮೂಲದ ಉದ್ದದ ಎರಡರಷ್ಟಕ್ಕಿಂತ ಹೆಚ್ಚು ಹಿಗ್ಗಿಸಿದ್ರ ‘ಕ’, ‘ತ’, ‘ಪ’ ಎಲ್ಲಾ ಕಲಸಿಹೋಗ್ತಾವ, ಅದಕ್ಕ ನಟನೇ ಮೊದಲು ನಿಧಾನ ಓದಲಿ, ಯಂತ್ರಕ್ಕ ಉಳಿದಷ್ಟು ಮಾತ್ರ ಬಿಡ್ರಿ.

ಕತ್ತರಿಮೇಜು:
ಇದು ಚೆನ್ನಾಗಿದೆ ಸರ್. ಪಕ್ಷಿಗಳು, ರೈಲು ಮಾತಾಡೋ ಭಾಗನೂ ಇದೆಯಲ್ಲ ಪುಸ್ತಕದಲ್ಲಿ? ಅದಕ್ಕೆ ಇದೇ ತಂತ್ರ ಸಾಕಾ?

ಸದ್ದುಗಾರ:
ರೈಲಿಗೆ ಅದೇ, ಆದ್ರ ಒಳಗ ತುಂಬೋ ಸದ್ದು ಬ್ಯಾರೆ. ಝೊನ್ನನ್‌ಸ್ಟೈನ್ ಇರೋದು ಎಲ್ಬ ನದಿಯ ಮ್ಯಾಲಿನ ಗುಡ್ಡದಾಗ. ಕೆಳಗ ರೈಲು, ನದಿಯೊಳಗ ಸರಪಳಿ ಹಿಡಕೊಂಡು ಹೋಗೋ ಉಗಿದೋಣಿ. ಅವುಗಳ ಸದ್ದು, ಬೂಟಿನ ಕಿರ್ರ್ ಸದ್ದು, ಎಲ್ಲಾ ತನ್ನ ತಲಿಯೊಳಗಿನ ಮಾತನ್ನೇ ಆಡ್ತಾವ ಅಂತ ಬರದಾನ. ಹಂಗಾಗಿ ಗೊರಗೊರ ಸದ್ದಿನ ಜಾಗಕ್ಕ ರೈಲಿನ ಸದ್ದು ಹಾಕ್ರಿ, ಏರಿಳಿತ ಮಾತಿನದು.

ಇಲ್ಲಿ ಎಲ್ಲಾರೂ ಬೀಳೋ ಹಳ್ಳ ಒಂದೈತಿ: ರೈಲಿನ ಸದ್ದು ಬಹುತೇಕ ಕೆಳಸ್ತರದ ಗುಡುಗು. ವ್ಯಂಜನ ತಿಳೀಬೇಕಂದ್ರ 2ರಿಂದ 5 ಕಿಲೋಹರ್ಟ್ಸ್ ಒಳಗ ಶಕ್ತಿ ಬೇಕು. ಅದಿಲ್ಲಂದ್ರ ‘ಊ ಊ’ ಅಂತಷ್ಟ ಕೇಳ್ತದ. ಅದಕ್ಕ ಉಗಿ ಬಿಡೋ ಸದ್ದೊಂದು ಬ್ಯಾರೆ ಪದರಾಗಿ ಸೇರಿಸ್ರಿ. ಪ್ರೆಶರ್ ಕುಕ್ಕರಿನ ಸೀಟಿ ಹೊಡಿಯೋ ಮೊದಲಿನ ‘ಶ್‌ಶ್’ ಸಾಕಾಗ್ತದ, ನಗಬ್ಯಾಡ್ರಿ.

ಹಳೇಪುಟ:
ಹಕ್ಕಿಗಳ ವಿಷಯ ಬೇರೆ. ಶ್ರೇಬರ್ ಪ್ರಕಾರ ಅವು ಸತ್ತವರ ನರಗಳ ಉಳಿಕೆ. ಅವಕ್ಕೆ ಕಂಠಪಾಠ ಮಾಡಿಸಿದ ಮಾತುಗಳನ್ನು ಒಪ್ಪಿಸಿಬಿಡುತ್ತವೆ, ಅರ್ಥ ಗೊತ್ತಿಲ್ಲ. ನಮ್ಮ ‘ಗಿಳಿಪಾಠ’ ಇದಕ್ಕೆ ಹೇಳಿ ಮಾಡಿಸಿದ ಪದ. ಆದರೆ ಅವಕ್ಕೆ ಒಂದೇ ಒಂದು ಮರುಳು ಉಂಟು: ಸದ್ದಿನಲ್ಲಿ ಒಂದಕ್ಕೊಂದು ಹೋಲುವ ಪದಗಳು. ಪಾಠ ಒಪ್ಪಿಸುವ ನಡುವೆ ಅಂಥ ಪದ ಕಿವಿಗೆ ಬಿದ್ದರೆ ತಬ್ಬಿಬ್ಬಾಗಿ ಪಾಠ ಮರೆತು ನಿಜವಾದ ಭಾವ ಹೊರಹಾಕುತ್ತವೆ. ಆತ ಕೊಡುವ ಜೋಡಿಗಳು: ‘ಸಾಂಟಿಯಾಗೊ’ ಮತ್ತು ‘ಕಾರ್ಟಾಗೊ’, ‘ಖಿನೇಸನ್‌ಟುಮ್’ ಮತ್ತು ‘ಯೇಸುಮ್ ಕ್ರಿಸ್ಟುಮ್’, ‘ಆಬೆಂಡ್‌ರೋಟ್’ ಮತ್ತು ‘ಆಟೆಮ್‌ನೋಟ್’, ‘ಆರಿಮಾನ್’ ಮತ್ತು ‘ಆಕರ್‌ಮಾನ್’.

ದೃಶ್ಯಕ್ಕೆ ಬಳಸುವುದಾದರೆ ಹಕ್ಕಿಯ ಕ್ಲೋಸಪ್‌ಗೆ ತುಟಿ ಹೊಂದಿಸಿ ಮಾತು ಹಾಕಬೇಡಿ, ಮಕ್ಕಳ ಕಾರ್ಟೂನ್ ಆಗುತ್ತದೆ. ಮನುಷ್ಯ ಒಂದು ಪದ ಹೇಳಲಿ, ಹಕ್ಕಿ ಸುಮ್ಮನಾಗಲಿ. ಸುಮ್ಮನಾಗುವುದೇ ತಬ್ಬಿಬ್ಬು.

ಅಡಿಬರಹ:
ಸಬ್‌ಟೈಟಲ್ ಕಡೆಯಿಂದ ಎರಡು ಮಾತು. ದನಿಗಳನ್ನು ಜರ್ಮನ್‌ನಲ್ಲೇ ಇಟ್ಟು ಕನ್ನಡ ಅಡಿಬರಹ ಕೊಡುವುದಾದರೆ ಮೇಲಿನ ಜೋಡಿಗಳಲ್ಲಿ ಮೊದಲೆರಡನ್ನು ಅನುವಾದಿಸಬೇಡಿ. ಕಿವಿಗೆ ಹೋಲಿಕೆ ಕೇಳಿಸುತ್ತದೆ, ಕಣ್ಣಿಗೆ ಹೆಸರು ಕಂಡರೆ ಸಾಕು. ಮೂರನೆಯದಕ್ಕೆ ಅರ್ಥವೂ ಬೇಕು: ಸಂಜೆಗೆಂಪು ಮತ್ತು ಉಸಿರುಗಟ್ಟುವಿಕೆ. ಅರ್ಥ ಇಟ್ಟರೆ ಸದ್ದು ಹೋಯಿತು. ‘ಮುಗಿಲು’ ಮತ್ತು ‘ದಿಗಿಲು’ ಹಾಕಿ. ಒಂದು ಆಕಾಶದ ಕಡೆ, ಇನ್ನೊಂದು ಎದೆಯ ಕಡೆ, ಎರಡೂ ಉಳಿಯುತ್ತವೆ. ನಮ್ಮ ಹಳಗನ್ನಡದ ಆದಿಪ್ರಾಸದ ಚಟಕ್ಕೆ ಬಿದ್ದು ಎರಡನೇ ಅಕ್ಷರ ಹೊಂದಿಸಲು ಹೋಗಬೇಡಿ, ಇಲ್ಲಿ ಕೊನೆಯ ಸದ್ದು ಮುಖ್ಯ.

ಇದಕ್ಕಿಂತ ದೊಡ್ಡ ವಿಷಯ ಅರ್ಧಕ್ಕೆ ನಿಲ್ಲುವ ವಾಕ್ಯಗಳದ್ದು. ದನಿಗಳು ವಾಕ್ಯವನ್ನು ನಡುವೆ ಬಿಟ್ಟು ಹೋಗುತ್ತವೆ, ಉಳಿದದ್ದನ್ನು ಶ್ರೇಬರ್‌ನ ನರಗಳು ತುಂಬಲೇಬೇಕು. ಅದೇ ಅವನ ಪಾಲಿನ ‘ಬಲವಂತದ ಯೋಚನೆ’. ‘ನೂನ್ ವಿಲ್ ಇಖ್ ಮಿಖ್’ ಎಂದು ನಿಲ್ಲುತ್ತದೆ. ಪೂರ್ತಿ ಮಾಡಿದರೆ ‘ಇನ್ನು ನಾನು ದಡ್ಡ ಎಂಬುದಕ್ಕೆ ಒಗ್ಗಿಕೊಳ್ಳುತ್ತೇನೆ’ ಎಂದಾಗಬೇಕು. ಜರ್ಮನ್‌ನಲ್ಲಿ ‘ವಿಲ್’ ಮುಂಚೆಯೇ ಬಂದಿರುತ್ತದೆ, ಏನೋ ಮಾಡಹೊರಟಿದ್ದಾನೆ ಎಂಬ ಸುಳಿವಾದರೂ ಸಿಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಆಸೆಯೂ ಅದರೊಳಗೇ. ‘ಇನ್ನು ನಾನು ನನ್ನನ್ನು’ ಎಂದು ಕತ್ತರಿಸಿದರೆ ಕೊಲ್ಲುತ್ತಾನೋ, ಕಾಯುತ್ತಾನೋ, ಏನೂ ಗೊತ್ತಾಗದು. ಅಂದರೆ ಈ ಹಿಂಸೆ ಕನ್ನಡದಲ್ಲಿ ಮೂಲಕ್ಕಿಂತ ಚೂಪು. ಇದನ್ನು ಬಿಟ್ಟುಕೊಡಬೇಡಿ. ಇಂಗ್ಲಿಷ್ ಮೂಲಕ ಅನುವಾದಿಸಿದರೆ ಕ್ರಿಯಾಪದ ಮುಂದಕ್ಕೆ ಓಡಿಬರುತ್ತದೆ, ಕತ್ತರಿಸಲು ಏನೂ ಉಳಿಯುವುದಿಲ್ಲ.

ತೆರೆಯ ಮೇಲೆ: ಅರ್ಧ ವಾಕ್ಯದ ಅಡಿಬರಹವನ್ನು ದನಿ ನಿಂತ ಮೇಲೂ 2 ಸೆಕೆಂಡ್ ಇಡಿ. ಮೂರು ಚುಕ್ಕಿ ಹಾಕಬೇಡಿ. ಚುಕ್ಕಿ ಬಂತೆಂದರೆ ‘ಮುಂದೆ ಬರುತ್ತದೆ’ ಎಂಬ ಭರವಸೆ ಕೊಟ್ಟಂತೆ.

ಸಾಫ್ಟ್‌ವೇರಿನ ತಕರಾರು ಒಂದಿದೆ. ಸೆಕೆಂಡಿಗೆ ಎಷ್ಟು ಅಕ್ಷರ ಎಂದು ಲೆಕ್ಕ ಹಾಕುವಾಗ ಅದು ಯೂನಿಕೋಡ್ ಬಿಂದುಗಳನ್ನು, ಅಂದರೆ ಅಕ್ಷರ ಕಟ್ಟುವ ಬಿಡಿ ಸಂಕೇತಗಳನ್ನು ಎಣಿಸುತ್ತದೆ. ‘ಸ್ತ್ರೀ’ ನಮಗೆ ಒಂದಕ್ಷರ, ಅದಕ್ಕೆ 6. ಹಾಗಾಗಿ ಕನ್ನಡಕ್ಕೆ ಸುಮ್ಮಸುಮ್ಮನೆ ಕೆಂಪು ಎಚ್ಚರಿಕೆ ತೋರಿಸುತ್ತದೆ. ಅದನ್ನು ನಂಬಿ ವಾಕ್ಯ ಕುಯ್ಯಬೇಡಿ, ಜೋರಾಗಿ ಓದಿ ಗಡಿಯಾರ ನೋಡಿ. ಎರಡು ಸಾಲಿದ್ದರೆ ಸಾಲಿನ ನಡುವಿನ ಅಂತರ ಸ್ವಲ್ಪ ಹೆಚ್ಚಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಕೂರುತ್ತದೆ.

ಹದಿನಾರೆಂಎಂ:
ಕ್ಯಾಮೆರಾದ ವಿಷಯ ನಾನು ಹೇಳ್ತೇನೆ ಮಾರಾಯ್ರೆ. ಪುಸ್ತಕದಲ್ಲಿ ‘ಗಡಿಬಿಡಿಯಲ್ಲಿ ಮಾಡಿಟ್ಟ ಮನುಷ್ಯರು’ ಅಂತ ಬರ್ತದೆ. ಎದುರು ಕಾಣುವವರು ನಿಜದವರಲ್ಲ, ಸ್ವಲ್ಪ ಹೊತ್ತಿಗೆ ಇಟ್ಟದ್ದು, ಆಮೇಲೆ ಇಲ್ಲ. ಇದಕ್ಕೆ ಕಂಪ್ಯೂಟರ್ ಬೇಡವೇ ಬೇಡ. ಕ್ಯಾಮೆರಾ ನಿಲ್ಲಿಸಿ, ಮನುಷ್ಯನನ್ನು ತೆಗೆದು, ಮತ್ತೆ ಓಡಿಸುವ ಮೂಕಿ ಸಿನಿಮಾದ ಕಾಲದ ಫ್ರೆಂಚ್ ನಿರ್ದೇಶಕ ಮೆಲಿಯಸ್‌ನ ಹಳೇ ಉಪಾಯ ಉಂಟಲ್ಲ, ಅದೇ. ಶ್ರೇಬರ್ ಆಸ್ಪತ್ರೆಯಲ್ಲಿದ್ದ ವರ್ಷಗಳಲ್ಲೇ ಸಿನಿಮಾ ಹುಟ್ಟಿದ್ದು. 1895ರ ಡಿಸೆಂಬರ್ 28ರಂದು ಲುಮಿಯೇರ್ ಅಣ್ಣತಮ್ಮಂದಿರು ಪ್ಯಾರಿಸಿನಲ್ಲಿ ಟಿಕೆಟ್ ಇಟ್ಟು ತೋರಿಸುವಾಗ ಈತ ಪಿರ್ನಾದಲ್ಲಿ. ಹಾಗಾಗಿ ಆ ಕಾಲದ ಉಪಾಯ ಇಲ್ಲಿ ಬರೀ ಅಲಂಕಾರ ಆಗುದಿಲ್ಲ.

ಡಿಜಿಟಲ್‌ನಲ್ಲಿ ಮಾಡುದಾದ್ರೆ ಟ್ರೈಪಾಡಿಗೆ ಮರಳು ಚೀಲ ಕಟ್ಟಿ. ಐಎಸ್ಓ, ಬಿಳಿಬಣ್ಣದ ಹೊಂದಿಕೆ, ಫೋಕಸ್ ಎಲ್ಲಾ ಕೈಯಾರೆ ಇಟ್ಟು ಬೀಗ ಹಾಕಿ. ಆಟೋ ಏನಾದ್ರೂ ಉಳಿದ್ರೆ ಮನುಷ್ಯ ಹೋದ ಕೂಡಲೇ ಚೌಕಟ್ಟು ಒಂಚೂರು ಬೆಳ್ಳಗಾಗ್ತದೆ, ಗುಟ್ಟು ರಟ್ಟಾಯ್ತು. ನಮ್ಮಲ್ಲಿ ಕರೆಂಟು 50 ಹರ್ಟ್ಸ್. 24 ಫ್ರೇಮಿನಲ್ಲಿ ತೆಗೆದ್ರೆ ಷಟರ್ 172.8 ಡಿಗ್ರಿ, ಅಂದ್ರೆ ಸೆಕೆಂಡಿನ ಐವತ್ತನೇ ಒಂದು ಭಾಗ. 180 ಡಿಗ್ರಿ ಇಟ್ರೆ ಟ್ಯೂಬ್‌ಲೈಟು ಮಿಣಕ್ ಮಿಣಕ್ ಅಂತದೆ. ಕಿಟಕಿ ಬೆಳಕಾದ್ರೆ ಮೋಡ ಕಾಯಿರಿ, ಎರಡು ತುಂಡಿನ ನಡುವೆ 10 ನಿಮಿಷ ಹೋದ್ರೆ ನೆರಳು ಜರುಗಿರ್ತದೆ.

ಫಿಲ್ಮಿನಲ್ಲೇ ಬೇಕು ಅಂದ್ರೆ ಸ್ಪ್ರಿಂಗಿನಲ್ಲಿ ಓಡುವ 16 ಎಂಎಂ ಬೊಲೆಕ್ಸ್ ಕ್ಯಾಮೆರಾ ಸಾಕು. 100 ಅಡಿ ರೀಲು 24 ಫ್ರೇಮಿನಲ್ಲಿ 2 ನಿಮಿಷ 46 ಸೆಕೆಂಡ್ ಓಡ್ತದೆ. ಒಂದು ಸಲ ಕೀಲಿ ಕೊಟ್ರೆ ಅರ್ಧ ನಿಮಿಷಕ್ಕೂ ಕಮ್ಮಿ, ಹಾಗಾಗಿ ಉದ್ದದ ಶಾಟಿನ ಆಸೆ ಬಿಡಿ. 20 ನಿಮಿಷದ ಚಿತ್ರಕ್ಕೆ 720 ಅಡಿ ಬೇಕು, ಬೇಕಾದ್ದರ ಐದರಷ್ಟು ತೆಗೆದು ಆರಿಸುವುದಾದ್ರೆ 3600 ಅಡಿ, 36 ರೀಲು. ಕಿಸೆ ನೋಡಿಕೊಳ್ಳಿ. ಲ್ಯಾಬು ಹುಡುಕುದು ಇನ್ನೊಂದು ತಲೆನೋವು. ಎಲ್ಲಾ ಫಿಲ್ಮ್ ಮಾಡುವ ಬದಲು ಕಿರಣಗಳ ದೃಶ್ಯಕ್ಕೆ ಮಾತ್ರ ನಾಲ್ಕು ರೀಲು ಇಡಿ.

ಕಿರಣಗಳಿಗೆ ಒಂದೇ ರೀಲಿನ ಮೇಲೆ ಎರಡು ಸಲ ಬೆಳಕು ಬೀಳಿಸುದು. ಮೊದಲ ಸಲ ಮುಖ, ಹಿನ್ನೆಲೆ ಕಪ್ಪು ಬಟ್ಟೆ. ಎರಡನೇ ಸಲ ನೂಲು, ಅದೂ ಕಪ್ಪಿನ ಮೇಲೆ, ಪಕ್ಕದಿಂದ ಬೆಳಕು. ಶ್ರೇಬರ್ ಕಿರಣಗಳನ್ನು ದೂರದಿಂದ ತಲೆಯತ್ತ ಚಾಚಿ ಬರುವ ಎಳೆಗಳ ಹಾಗೆ ನೋಡಿದವ, ಹಾಗಾಗಿ ಬಿಳೀ ದಾರವೇ ಸಾಕು. ಎರಡೂ ಬೆಳಗಿದ ಜಾಗ ಒಂದರ ಮೇಲೊಂದು ಬೀಳುದಾದ್ರೆ ಪ್ರತಿಯೊಂದಕ್ಕೂ ಒಂದು ಸ್ಟಾಪ್ ಕಮ್ಮಿ, ಅಂದ್ರೆ ಅರ್ಧದಷ್ಟೇ ಬೆಳಕು ಕೊಡಿ. ಕಪ್ಪಿನ ಮೇಲೆ ಬಿದ್ರೆ ಕಮ್ಮಿ ಮಾಡುದು ಬೇಡ. ಹಿಂದಕ್ಕೆ ಸುತ್ತುವಾಗ ಮೋಟಾರನ್ನು ಬಿಡಿಸಿ, ಷಟರ್ ಮುಚ್ಚಿ, ಲೆನ್ಸಿಗೆ ಮುಚ್ಚಳ ಹಾಕಿ, ಫ್ರೇಮು ಎಣಿಸುವ ಮುಳ್ಳು ನೋಡಿ ಸುತ್ತಿ. ಷಟರ್ ಮತ್ತೆ ತೆರೆಯಲು ಮರೆತು ಇಡೀ ರೀಲು ಕಪ್ಪು ತೆಗೆಯುದು ಇದರಲ್ಲಿ ಎಲ್ಲರೂ ಮಾಡುವ ತಪ್ಪು. ಕ್ಯಾಮೆರಾದ ಮೇಲೆ ಟೇಪು ಅಂಟಿಸಿ ‘ಷಟರ್’ ಅಂತ ಬರೆದಿಡಿ.

ಕಂಪ್ಯೂಟರಿನಲ್ಲಿ ಇದನ್ನೇ ಮಾಡುವವರು ಎರಡು ಚಿತ್ರ ಬೆರೆಸಲು ‘ಸ್ಕ್ರೀನ್’ ಮೋಡ್ ಹಾಕ್ತಾರೆ, ಮಂಕಾಗಿ ಹಾಲು ಚೆಲ್ಲಿದ ಹಾಗೆ ಕಾಣ್ತದೆ. ಚಿತ್ರವನ್ನು ಲೀನಿಯರ್ ಬೆಳಕಿಗೆ, ಅಂದ್ರೆ ಬೆಳಕಿನ ನಿಜವಾದ ಅಳತೆಗೆ ತಂದು ‘ಆ್ಯಡ್’ (ಕೂಡಿಸು) ಮಾಡಿ, ಆಮೇಲೆ ವಾಪಸ್ ತನ್ನಿ. ಫಿಲ್ಮು ಮಾಡುದು ಅದನ್ನೇ.

ಪರದೆಹಿಂದೆ:
ಎಲ್ಲರೂ ಅಪ್ಪನನ್ನು ಮರೆತಿರಲ್ಲ! ಮೊರಿಟ್ಸ್ ಶ್ರೇಬರ್, ಮಕ್ಕಳ ಮೈ ನೆಟ್ಟಗಿರಿಸಲು ಕಬ್ಬಿಣದ ಸಲಕರಣೆ ಮಾಡಿದ ವೈದ್ಯ. ಮೇಜಿನ ಅಂಚಿಗೆ ತಿರುಪು ಹಾಕಿ ಕೂರಿಸುವ ಸರಳು, ಮಗು ಮುಂದಕ್ಕೆ ಬಾಗಿದರೆ ಎದೆಯ ಮೇಲ್ಭಾಗಕ್ಕೆ ಒತ್ತುತ್ತದೆ. ತಲೆ ತೂಗಿದರೆ ಕೂದಲು ಎಳೆಯುವ ಪಟ್ಟಿ. ಮಗ ಬರೆಯುವ ‘ತಲೆ ಬಿಗಿಯುವ ಯಂತ್ರ’, ‘ಎದೆ ಇರುಕಿಸುವ ಪವಾಡ’ ಎಲ್ಲ ಅಲ್ಲಿಂದಲೇ ಬಂದದ್ದು ತಾನೆ? ಒಂದು ಕಟ್ ಸಾಕು: ಸರಳು, ಆಮೇಲೆ ಎದೆ. ಇಡೀ ಪುಸ್ತಕ ಬಿಚ್ಚಿಕೊಳ್ಳುತ್ತದೆ. ಜತೆಗೆ ಮನೋವಿಶ್ಲೇಷಣೆಯ ಫ್ರಾಯ್ಡ್‌ನ ಒಂದು ಸಾಲು.

ಹಳೇಪುಟ:
ಅದೇ ಒಂದು ಕಟ್ ಸಿನಿಮಾ ಕೆಡಿಸುತ್ತದೆ ಎಂದು ಕಡ್ಡಿ ಮುರಿದಂತೆ ಹೇಳುತ್ತೇನೆ. ಅಪ್ಪನ ಸಲಕರಣೆಗಳಿಗೂ ಮಗನ ಅನುಭವಕ್ಕೂ ಸಂಬಂಧ ಹೆಣೆದವರು ನೀಡರ್‌ಲ್ಯಾಂಡ್ ಎಂಬ ಮನೋವಿಶ್ಲೇಷಕ, 1950ರ ದಶಕದ ಕೊನೆಯಲ್ಲಿ. 1973ರಲ್ಲಿ ಮನೋವೈದ್ಯ ಶಾಟ್ಸ್‌ಮನ್ ಅದನ್ನು ಜನಪ್ರಿಯ ಮಾಡಿದರು. ಆಮೇಲೆ ಹಾನ್ ಇಸ್ರಾಯೆಲ್ಸ್, ಝ್ವಿ ಲೋಥಾನೆ ಮೊದಲಾದವರು ದಾಖಲೆ ಕೆದಕಿ ಅಷ್ಟು ಸರಳವಲ್ಲ ಎಂದು ತೋರಿಸಿದರು. ಎರಡು ಚಿತ್ರಗಳನ್ನು ಒಂದರ ಪಕ್ಕ ಒಂದು ಅಂಟಿಸಿದರೆ ಪ್ರೇಕ್ಷಕ ಅದನ್ನು ‘ಕಾರಣ, ಪರಿಣಾಮ’ ಎಂದೇ ಓದುತ್ತಾನೆ. ಸಿನಿಮಾದಲ್ಲಿ ‘ಬಹುಶಃ’ ಎಂಬ ಪದಕ್ಕೆ ಕಟ್ ಇಲ್ಲ.

ಫ್ರಾಯ್ಡ್ ವಿಷಯ: ಆತ ಶ್ರೇಬರ್‌ನನ್ನು ಕಂಡವನೇ ಅಲ್ಲ. ಪುಸ್ತಕ ಓದಿ 1911ರಲ್ಲಿ ಪ್ರಬಂಧ ಬರೆದ. ಅದೇ ವರ್ಷ ಏಪ್ರಿಲಿನಲ್ಲಿ ಶ್ರೇಬರ್ ಲೈಪ್‌ಜಿಗ್ ಪಕ್ಕದ ಡ್ಯೋಸನ್ ಆಸ್ಪತ್ರೆಯಲ್ಲಿ ತೀರಿಕೊಂಡ. 1907ರಲ್ಲಿ ತಾಯಿ ತೀರಿಕೊಂಡು, ಹೆಂಡತಿಗೆ ಪಾರ್ಶ್ವವಾಯು ಬಡಿದ ಮೇಲೆ ಅಲ್ಲಿ ಸೇರಿಸಿದ್ದರು. ಓದುಗ ಫ್ರಾಯ್ಡ್‌ನನ್ನು ವೈದ್ಯ ಫ್ರಾಯ್ಡ್ ಮಾಡಿ ತೋರಿಸಿದರೆ ತಪ್ಪು ಮಾಹಿತಿ.

ಕುಟುಂಬವನ್ನು ತರಲೇಬೇಕಿದ್ದರೆ ಪುಸ್ತಕದಲ್ಲೇ ದಾರಿ ಇದೆ. ಮೂರನೇ ಅಧ್ಯಾಯ. ‘ನನ್ನ ಕುಟುಂಬದ ಇತರರಿಗೆ ಸಂಬಂಧಿಸಿದ ಕೆಲವು ಘಟನೆಗಳು’ ಎಂದು ಶುರುವಾಗಿ, ಮುಂದಿನದು ಪ್ರಕಟಣೆಗೆ ತಕ್ಕದ್ದಲ್ಲವೆಂದು ತೆಗೆದುಹಾಕಲಾಗಿದೆ ಎಂಬ ಟಿಪ್ಪಣಿಗೆ ನಿಂತುಬಿಡುತ್ತದೆ. ಪುಸ್ತಕ ಬಂದ ಮೇಲೆ ಮನೆಯವರೇ ಬಹಳಷ್ಟು ಪ್ರತಿ ಕೊಂಡು ನಾಶಮಾಡಿದರೆಂಬುದೂ ಇದೆ. ಆ ಅಧ್ಯಾಯಕ್ಕೆ ಬರೀ ಕಪ್ಪು ತೆರೆ ಇಡಿ. ಅಪ್ಪನ ಸಲಕರಣೆ ಹೇಳಬಹುದಾದುದಕ್ಕಿಂತ ಹೆಚ್ಚು ಹೇಳುತ್ತದೆ.

ಕತ್ತರಿಮೇಜು:
ಕಪ್ಪು ತೆರೆ ಎಷ್ಟು ಹೊತ್ತು? 10 ಸೆಕೆಂಡ್ ದಾಟಿದ್ರೆ ಪ್ರೊಜೆಕ್ಟರ್ ಕೆಟ್ಟಿದೆ ಅಂತ ಜನ ಹಿಂದೆ ತಿರುಗ್ತಾರೆ.

ಸದ್ದುಗಾರ:
ಸದ್ದು ನಿಲ್ಲಿಸಿದ್ರ ತಿರುಗ್ತಾರ. ಕೋಣ್ಯಾಗಿನ ಮೌನದ ಸದ್ದು ಹಂಗೇ ಬಿಡ್ರಿ, ಪುಟ ತಿರುವೋ ಸದ್ದು ನಾಕು ಸಲ. 40 ಸೆಕೆಂಡ್ ಆರಾಮ ಕೂಡ್ತಾರ.

ಪರದೆಹಿಂದೆ:
ಸರಿ, ಸರಳು ಕೈಬಿಟ್ಟೆ. ಹಾಗಾದರೆ ಹೆಣ್ಣಾಗುವ ಭಾಗ? ಅದಿಲ್ಲದೆ ಶ್ರೇಬರ್ ಇಲ್ಲ.

ಹಳೇಪುಟ:
ನಿಜ, ಅದು ಬೇಕೇಬೇಕು. ತನ್ನ ದೇಹ ಹೆಣ್ಣಿನದಾಗುತ್ತಿದೆ, ದೇವರ ಕಿರಣಗಳಿಂದ ಹೊಸ ಮನುಕುಲ ಹುಟ್ಟಬೇಕು, ಜಗತ್ತಿನ ಕ್ರಮಕ್ಕೆ ಅದೇ ಸರಿ ಎಂಬ ತೀರ್ಮಾನಕ್ಕೆ ಆತ ಬಂದ. ಮೊದಮೊದಲು ಅದು ಅವಮಾನ ಎಂದು ಹೋರಾಡಿದವನು ಆಮೇಲೆ ಒಪ್ಪಿಕೊಂಡ. ಕನ್ನಡಿ ಎದುರು ನಿಲ್ಲುತ್ತಿದ್ದ ಬಗ್ಗೆ ವೇಬರ್ ವರದಿಯಲ್ಲೂ ಬರುತ್ತದೆ: ಮೈಯ ಮೇಲ್ಭಾಗ ಅರೆಬತ್ತಲೆ, ಒಂದಿಷ್ಟು ರಿಬ್ಬನ್ನು, ಅಗ್ಗದ ಸರ. ಅಷ್ಟೇ. ಉದ್ದದ ಗೌನು, ಲಿಪ್‌ಸ್ಟಿಕ್ ತಂದರೆ ಅದು ನಿಮ್ಮ ಕಲ್ಪನೆ, ಜತೆಗೆ ಸಭೆಯಲ್ಲಿ ನಗು ಗ್ಯಾರಂಟಿ. ಒಂದೇ ಶಾಟ್, ಕ್ಯಾಮೆರಾ ಅವನ ಭುಜದ ಎತ್ತರದಲ್ಲಿ, ಕನ್ನಡಿಯಲ್ಲಿ ಕಾಣುವುದು ಅವನಿಗೆ ಕಾಣುವಷ್ಟೇ. ಮೇಲೆ ಅವನದೇ ವಾದದ ದನಿ. ನ್ಯಾಯಾಧೀಶನ ಭಾಷೆ, ಒಂದು ಚೂರೂ ನಡುಗದ ಭಾಷೆ.

ಕಲಂ_24:
ಸೆಟ್ಟಿನ ಬಗ್ಗೆ ಯಾರೂ ಹೇಳಲಿಲ್ಲ, ಚುಟುಕಾಗಿ ಹೇಳುವೆ. ಹುಚ್ಚಾಸ್ಪತ್ರೆ ಎಂದ ಕೂಡಲೇ ಕರೆಂಟ್ ಶಾಕ್ ಪೆಟ್ಟಿಗೆ ತಂದಿಡುವ ಚಾಳಿ ಇದೆ. ಆ ಶಾಕ್ ಚಿಕಿತ್ಸೆ (ಇಸಿಟಿ) ಬಂದದ್ದು 1938ರಲ್ಲಿ, ಮನೋರೋಗದ ಮೊದಲ ಆಧುನಿಕ ಮಾತ್ರೆ ಕ್ಲೋರ್‌ಪ್ರೊಮಝೀನ್ 1950ರ ದಶಕದಲ್ಲಿ. ಶ್ರೇಬರ್ ಕಾಲದ್ದು ನಿದ್ದೆಗೆ ಕ್ಲೋರಲ್ ಹೈಡ್ರೇಟ್, ಮತ್ತೆ ಬೀಗ ಹಾಕಿದ ಕತ್ತಲೆ ಕೋಣೆ. ಸುಮಾರು ಎರಡೂವರೆ ವರ್ಷ ರಾತ್ರಿಗಳನ್ನು ಅಲ್ಲೇ ಕಳೆದ. ಕಂದು ಗಾಜಿನ ಬಾಟಲಿ, ಅಳತೆ ಲೋಟ, ಒಳಗಿನಿಂದ ಹಿಡಿ ಇಲ್ಲದ ಬಾಗಿಲು, ಇಷ್ಟೇ ಸಾಕು. ಫ್ಲೆಖ್ಸಿಗ್ ಮಿದುಳಿನ ಅಂಗರಚನೆಯ ತಜ್ಞ. ಆತನ ಮೇಜಿನ ಹಿಂದೆ ಗೋಡೆ ತುಂಬ ಮಿದುಳಿನ ದೊಡ್ಡ ಚಿತ್ರ ಇರುವ ಫೋಟೊ ಪ್ರಸಿದ್ಧ. ಗೋಡೆಗೆ ಅಂಥದ್ದೊಂದು ಬರೆಸಿದರೆ ವೈದ್ಯನ ಬಗ್ಗೆ ಸಂಭಾಷಣೆಯೇ ಬೇಡ.

ಹಕ್ಕುಸ್ವಾಮ್ಯ: ಜರ್ಮನ್ ಮೂಲ ಎಲ್ಲರದು. ಲೇಖಕ 1911ರಲ್ಲಿ ತೀರಿಕೊಂಡದ್ದರಿಂದ ನಮ್ಮ 60 ವರ್ಷ, ಅವರ 70 ವರ್ಷ ಎರಡೂ ಮುಗಿದಿವೆ. ಆದರೆ ಮಕಾಲ್ಪೈನ್ ಮತ್ತು ಹಂಟರ್ ಮಾಡಿದ 1955ರ ಇಂಗ್ಲಿಷ್ ಅನುವಾದ ಹಾಗಲ್ಲ. ಅದರಿಂದ ಸಾಲು ಎತ್ತಿ ಕನ್ನಡ ಮಾಡಿದರೆ ಅನುವಾದದ ಅನುವಾದ, ಅನುಮತಿ ಬೇಕು. ಜರ್ಮನ್ ಬಲ್ಲವರಿಂದ ನೇರ ಮಾಡಿಸಿ. ಅಡಿಬರಹದವರು ಹೇಳಿದ ಕ್ರಿಯಾಪದದ ಕಾರಣಕ್ಕೂ ಅದೇ ಒಳ್ಳೆಯದು.

ಇಲ್ಲಿ ಬದುಕಿರುವವರ ಆತ್ಮಕಥನ ಹಿಡಿದು ಮಾಡುವವರಿಗೆ ಲೆಕ್ಕ ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಕಲಂ ಪ್ರಕಾರ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೊ, ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಮನೆಯವರ ಒಪ್ಪಿಗೆ ಸಾಕೆಂದು ತಿಳಿಯಬೇಡಿ. 3ನೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಕಾಯಿಲೆ ಇದೆ ಎಂಬ ತೀರ್ಮಾನ ಮಾತ್ರದಿಂದ ಆ ವ್ಯಕ್ತಿ ಬುದ್ಧಿ ಸ್ವಸ್ಥವಿಲ್ಲದವನು ಎಂದಾಗುವುದಿಲ್ಲ, ಅದನ್ನು ನ್ಯಾಯಾಲಯ ಹೇಳಬೇಕು. 1902ರ ಡ್ರೆಸ್ಡೆನ್ ತೀರ್ಪಿನ ಪಕ್ಕ ಇಟ್ಟು ಓದಿ. ಒಪ್ಪಿಗೆ ಎರಡು ಸಲ ಪಡೆಯಿರಿ: ಚಿತ್ರೀಕರಣದ ಮುಂಚೆ ಒಮ್ಮೆ, ಅಂತಿಮ ಕಟ್ ತೋರಿಸಿ ಒಮ್ಮೆ. ಎರಡನೆಯದು ಕಾನೂನು ಕೇಳುವುದಿಲ್ಲ, ಆದರೆ ಬರೆದದ್ದು ಒಂದು, ತೆರೆಗೆ ಬಂದದ್ದು ಇನ್ನೊಂದು ಆಗುವುದು ಎಡಿಟಿಂಗ್ ಮೇಜಿನಲ್ಲೇ.

ಹಳೇಪುಟ:
ಒಂದು ಎಚ್ಚರಿಕೆ. ಪಿರ್ನಾದ ಕಟ್ಟಡದ ಇಂದಿನ ದೃಶ್ಯ ಎಲ್ಲಿಂದಲಾದರೂ ತಂದು ಹಾಕುವ ಮನಸ್ಸಿದ್ದರೆ ಗೊತ್ತಿರಲಿ: 1940, 41ರಲ್ಲಿ ನಾಜಿಗಳು ಅಲ್ಲಿ 13,720 ರೋಗಿಗಳನ್ನೂ ಶಿಬಿರಗಳಿಂದ ತಂದ ಸಾವಿರಕ್ಕೂ ಹೆಚ್ಚು ಕೈದಿಗಳನ್ನೂ ವಿಷಾನಿಲದಿಂದ ಕೊಂದರು. ಇಂದು ಅಲ್ಲಿ ಸ್ಮಾರಕವಿದೆ. ಆ ಕಟ್ಟಡವನ್ನು ಬರೀ ‘ಸುಂದರ ಹಳೇ ಆಸ್ಪತ್ರೆ’ ಎಂದು ತೋರಿಸಲು ಬರುವುದಿಲ್ಲ. ಒಂದೋ ಅದನ್ನು ಹೇಳಿ, ಇಲ್ಲವೇ ಕಟ್ಟಡ ತೋರಿಸಬೇಡಿ.

ಕತ್ತರಿಮೇಜು:
ಇಷ್ಟನ್ನೂ ಸೇರಿಸಿ ನಕ್ಷೆ ಹೀಗೆ ಬರುತ್ತೆ. 0ರಿಂದ 4 ನಿಮಿಷ, ಮೇಲ್ಮನವಿ ಕ್ಯಾಮೆರಾಕ್ಕೆ, ವೇಬರ್ ದನಿ ಮೇಲೆ. 4ರಿಂದ 9, ಅರ್ಧ ವಾಕ್ಯಗಳು, ರೈಲು, ಗಡಿಬಿಡಿಯ ಮನುಷ್ಯರು. ನಂತರ 40 ಸೆಕೆಂಡ್ ಮೂರನೇ ಅಧ್ಯಾಯ. 10ರಿಂದ 14, ಹಕ್ಕಿ ಮತ್ತು ಕಿರಣಗಳು, ಫಿಲ್ಮಿನಲ್ಲಿ. 14ರಿಂದ 16 ಕನ್ನಡಿ. ಉಳಿದದ್ದಕ್ಕೆ ತೀರ್ಪು, ಕೊನೇಲಿ ಮರಳು. ಪಿಯಾನೊ ಎಲ್ಲಿ ಇಡೋದು ಗೊತ್ತಾಗ್ತಿಲ್ಲ. ದನಿ ಮುಳುಗಿಸೋಕೆ ಬಾರಿಸ್ತಿದ್ದ ಅಲ್ವಾ?

ಹಳೇಪುಟ:
ಹೌದು. ಬಾರಿಸುವಾಗ ತಂತಿಗಳು ಪದೇ ಪದೇ ತುಂಡಾಗುತ್ತಿದ್ದವು. 1897ರಲ್ಲಿ ತಂತಿಯ ಬಿಲ್ಲೇ 86 ಮಾರ್ಕ್ ಆಯಿತು ಎಂದು ಬರೆದು, ಬರೀ ಕೀಲಿಮಣೆ ಕುಟ್ಟಿದರೆ ಇಷ್ಟು ತಂತಿ ಕಡಿಯುವುದಿಲ್ಲ, ಇದು ಪವಾಡಕ್ಕೆ ಸಾಕ್ಷಿ ಎನ್ನುತ್ತಾನೆ. ಬಿಲ್ಲನ್ನು ಸಾಕ್ಷ್ಯವಾಗಿ ಹಾಜರುಪಡಿಸುವ ನ್ಯಾಯಾಧೀಶ! ತೀರ್ಪಿಗೆ ಸ್ವಲ್ಪ ಮೊದಲು ಇಡಿ. ಬಿಲ್ಲಿನ ಕ್ಲೋಸಪ್ ಇರಲಿ, ಪಿಯಾನೊ ಚೌಕಟ್ಟಿನ ಹೊರಗಿರಲಿ.

ಸದ್ದುಗಾರ:
ಪಿಯಾನೊ ಬಾರಿಸೋ ಹೊತ್ತಿನ್ಯಾಗ ದನಿಗಳನ್ನ ಪೂರ್ತಿ ಬಂದ್ ಮಾಡ್ರಿ, ಇಳಿಸಬ್ಯಾಡ್ರಿ. ತಂತಿ ಕಡದ ಕೂಡಲೇ ವಾಪಸ್ ಬರ್ಲಿ, ಈ ಸಲ 2 ಪಟ್ಟಿಯಾಗ. ತಂತಿ ಕಡಿಯೋ ಸದ್ದಿಗೆ ಖರೇ ಪಿಯಾನೊ ತಂತಿ ಕಡೀಲಿಕ್ಕೆ ಹೋಗಬ್ಯಾಡ್ರಿ. ಒಂದೊಂದು ತಂತಿ 70, 80 ಕೆ.ಜಿ. ಎಳೆತದಾಗ ಇರ್ತದ, ಕಣ್ಣಿಗೆ ಬಡದ್ರ ಮುಗೀತು. ದಪ್ಪ ಹಲಗಿಗೆ ಎರಡು ಮೊಳೆ ಬಡದು ಗಿಟಾರಿನ ಹಳೇ ಉಕ್ಕಿನ ತಂತಿ ಬಿಗೀರಿ, ಕನ್ನಡಕ ಹಾಕೊಂಡು, ಉದ್ದನ ಹಿಡಿಯ ಕಟರ್‌ಲೆ ಕತ್ತರಿಸ್ರಿ. ಮೈಕು ಹಲಗಿಯ ಹಿಂದ.

ಕಡೇ ಮರಳಿಗೆ ವೋಕೋಡರಿನ 1 ಪಟ್ಟಿಯ ಸದ್ದಿನಿಂದ ಖರೇ ಮರಳಿಗೆ 20 ಸೆಕೆಂಡಿನ್ಯಾಗ ದಾಟ್ರಿ. ಹೊಳಿ ಮರಳು ಒದ್ದಿ ಇರ್ತದ, ಗಂಟುಗಂಟಾಗಿ ಬೀಳ್ತದ. ಬಾಣಲ್ಯಾಗ ಹುರದು, ಆರಿಸಿ, ಹಿಟ್ಟಿನ ಜರಡಿ ಹಿಡೀರಿ. ಒಂದು ಹಾಳಿ ಸುರುಳಿ ಮಾಡಿ ತುದಿಗೆ 2 ಮಿಲಿಮೀಟರ್ ತೂತು, ಕೆಳಗ ಇನ್ನೊಂದು ಹಾಳಿ, ನಡುವ 10 ಸೆಂಟಿಮೀಟರ್. ಮೈಕು ಪಕ್ಕಕ್ಕ ಇರಲಿ, ಕೆಳಗ ಇಟ್ರ ಧೂಳು ಒಳಗ ಹೋಗ್ತದ. ರಾತ್ರಿ ಎರಡಕ್ಕ, ಫ್ಯಾನ್ ಬಂದ್ ಮಾಡಿ, ಫ್ರಿಜ್ಜಿನ ಪ್ಲಗ್ ಕಿತ್ತು ರೆಕಾರ್ಡ್ ಮಾಡ್ರಿ. ಫ್ರಿಜ್ ವಾಪಸ್ ಹಾಕೋದು ಮರೀಬ್ಯಾಡ್ರಿ.